ಐದನೇ ಶೆಡ್ಯೂಲಿನವರು

೨೦೨೫ರ ಜೂನ್ ೨೬ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹೊಡೆದು ಹಾಕಿದ್ದ ಹಸುವಿನ ಹೆಣಕ್ಕೆ ವಿಷ ಬೆರೆಸಲಾಗಿತ್ತು. ಕೆಲವೇ ದಿನಗಳಲ್ಲಿ ಹಸುವಿನ ಒಡೆಯನನ್ನೂ ಅವನ ಜೊತೆಗಾರರನ್ನೂ ಹಿಡಿದರು. ತನಿಖೆಗೆ ಆಜ್ಞೆ ಹೊರಟಿತು. ಟೀವಿಯವರು ಬಂದರು. ಆ ವಾರ ಟೀ ಅಂಗಡಿಯಲ್ಲಿ ನಾವು ಪೇಪರು ಓದುತ್ತ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಂದರು: 'ಹುಲಿ ಸತ್ರೆ ಬೆಂಗ್ಳೂರಿಂದ ಕಾರು ಬತ್ತವೆ ಕನಪ್ಪ. ಬಡವನ ದನ ಸತ್ರೆ ರಣಹದ್ದೂ ಬರಕ್ಕಿಲ್ಲ.'

ಈ ಸಾವಿನ ಬಗ್ಗೆ ಎರಡು ಮಾತು ಕೇಳಿಬಂದವು. ಪಟ್ಟಣದ ಪ್ರಾಣಿಪ್ರಿಯರು 'ಹಳ್ಳಿಯವರು ಕಟುಕರು, ಅವರನ್ನು ಕಾಡಿನ ಹತ್ತಿರ ಬಿಡಬಾರದು' ಎಂದರು. ನಮ್ಮವರಲ್ಲೇ ಕೆಲವರು 'ಮನುಷ್ಯನಿಗೇ ಇಲ್ಲದ ನ್ಯಾಯ ಹುಲಿಗೆ ಯಾಕೆ? ಸತ್ತರೆ ಸಾಯಲಿ' ಎಂದರು. ನಾವು ಈ ಎರಡೂ ಮಾತುಗಳನ್ನು ಒಪ್ಪುವುದಿಲ್ಲ. ಮೊದಲನೆಯದು ಸೋಗಲಾಡಿತನ. ಎರಡನೆಯದು ಸೋತವನ ಸಿಟ್ಟು. ಐದು ಹುಲಿಗಳ ಸಾವಿನ ಹಿಂದೆ ಐವತ್ತು ವರ್ಷಗಳ ರಾಜಕೀಯ ಸೋಲು ಇದೆ. ಅದನ್ನು ಓದುವುದು ಈ ಬರಹದ ಕೆಲಸ.

೧

ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ತುಳಿದವರಲ್ಲಿ ನಾವೇ ಮೊದಲಿಗರು. ಅಲ್ಲಿ ನಮಗೆ ಕಾವ್ಯ ಓದುವುದನ್ನು ಕಲಿಸಿದರು, ಕಾಯ್ದೆ ಓದುವುದನ್ನು ಕಲಿಸಲಿಲ್ಲ. ಆದರೆ ನಮ್ಮ ಅಪ್ಪ ಅಮ್ಮಂದಿರ ಬದುಕನ್ನು ತಿದ್ದಿದ್ದೂ ತಿರುಚಿದ್ದೂ ಕಾಯ್ದೆಯೇ. ಹೀಗಿರುವಾಗ ವಿಮರ್ಶೆ ಬರೀ ಕವನ ಸಂಕಲನಗಳ ಮೇಲೆ ಯಾಕೆ ನಿಲ್ಲಬೇಕು? ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನೂ ಒಂದು ಕೃತಿ ಎಂದೇ ಓದಿ ನೋಡೋಣ.

ಈ ಕೃತಿಯ ಜೀವ ಇರುವುದು ಅದರ ಶೆಡ್ಯೂಲುಗಳಲ್ಲಿ. ಶೆಡ್ಯೂಲ್ ಎಂಬ ಪದ ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿಯಲ್ಲಿ ಜಾತಿ ಸರ್ಟಿಫಿಕೇಟಿಗೆ ಕ್ಯೂ ನಿಂತ ದಿನವೇ ಅದನ್ನು ಕಲಿತೆವು. ಕಾಯ್ದೆ ಹುಟ್ಟಿದಾಗ ಪ್ರಾಣಿಗಳಿಗೆ ಐದು ಶೆಡ್ಯೂಲುಗಳಿದ್ದವು. ಮೊದಲನೆಯದರಲ್ಲಿ ಹುಲಿ ಇತ್ತು. ಅದನ್ನು ಮುಟ್ಟಿದವನಿಗೆ ಜೈಲು. ಕೆಳಗೆ ಇಳಿದಂತೆ ಪ್ರಾಣಿಯ ಬೆಲೆಯೂ ಇಳಿಯುತ್ತದೆ. ಬಹುಕಾಲ ಮೂರನೆಯದರಲ್ಲಿ ಕಾಡುಹಂದಿ, ನಾಲ್ಕನೆಯದರಲ್ಲಿ ಮೊಲ ಇದ್ದವು. ಐದನೆಯದರಲ್ಲಿ ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿ. ಈ ಐದನೆಯದಕ್ಕೆ ಕಾಯ್ದೆ ಇಟ್ಟ ಹೆಸರು 'ವರ್ಮಿನ್', ಅಂದರೆ ಪೀಡೆ. ಇವನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು, ಕೇಸಿಲ್ಲ, ಕೇಳುವವರಿಲ್ಲ.

ನಾಲ್ಕರ ಆಚೆಗೆ ನಿಂತ ಐದನೆಯವರು! ಇದನ್ನು ಓದಿದಾಗ ನಮಗೆ ನೆನಪಾದದ್ದು ಬೇರೊಂದು ಪಟ್ಟಿ. ನಾಲ್ಕು ವರ್ಣಗಳ ಆಚೆಗೆ ದಬ್ಬಿದವರನ್ನು ಪಂಚಮರು ಎಂದರು. ಆ ಬೈಗುಳವನ್ನೇ ಕಿತ್ತುಕೊಂಡು ೧೯೭೦ರ ದಶಕದಲ್ಲಿ ತನ್ನ ಪತ್ರಿಕೆಗೆ 'ಪಂಚಮ' ಎಂದು ಹೆಸರಿಟ್ಟ ಚಳವಳಿ ನಮ್ಮದು. ಕಾಗೆಯನ್ನೇ ನೋಡಿ. ತಿಥಿಯ ದಿನ ಪಿಂಡ ಮುಟ್ಟಲು ಅದು ಬೇಕು, ಕಾ ಕಾ ಎಂದು ಕರೆದು ಕಾಯುತ್ತಾರೆ. ಮಾರನೇ ದಿನ ಅದು ತಲೆ ಮುಟ್ಟಿದರೆ ಅಪಶಕುನ. ಕೆಲಸಕ್ಕೆ ಬೇಕು, ಮನೆಯೊಳಗೆ ಬೇಡ. ಈ ನಡತೆ ನಮಗೆ ಚೆನ್ನಾಗಿ ಗೊತ್ತು.

ಕಾಯ್ದೆ ಬರೆದವರು ಮನುಸ್ಮೃತಿಯನ್ನು ಎದುರಿಗಿಟ್ಟುಕೊಂಡು ಬರೆದರು ಎಂದು ನಾವು ಹೇಳುತ್ತಿಲ್ಲ. ಅಳಿಯುವ ಹಂತಕ್ಕೆ ಬಂದ ಪ್ರಾಣಿಗೆ ಹೆಚ್ಚು ಕಾವಲು ಬೇಕು ಎಂಬ ಲೆಕ್ಕ ಸರಿಯೇ. ಆ ಕಾಯ್ದೆ ಬರದೇ ಹೋಗಿದ್ದರೆ ಇವತ್ತು ಹುಲಿ ಕ್ಯಾಲೆಂಡರಿನಲ್ಲಿ ಮಾತ್ರ ಇರುತ್ತಿತ್ತು. ೧೯೭೩ರಲ್ಲಿ ಹುಲಿ ಯೋಜನೆ ಬಂತು, ಮೊದಲ ಪಟ್ಟಿಯಲ್ಲೇ ಬಂಡೀಪುರ ಸೇರಿತು. ೨೦೨೨ರ ಗಣತಿಯಲ್ಲಿ ಕರ್ನಾಟಕದಲ್ಲಿ ೫೬೩ ಹುಲಿಗಳೆಂದು ಅಂದಾಜಾಯಿತು. ಇದು ಸಾಧನೆ. ಇದನ್ನು ಅಲ್ಲಗಳೆಯುವವನು ಸುಳ್ಳುಗಾರ.

ನಮ್ಮ ತಕರಾರು ಬೇರೆ. ಜೀವಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿ, ಕೆಳಗಿನದಕ್ಕೆ ಏನು ಮಾಡಿದರೂ ನಡೆಯುತ್ತದೆ ಎಂದು ಒಪ್ಪಿಕೊಳ್ಳುವ ಮನಸ್ಸು ಈ ದೇಶಕ್ಕೆ ಅಭ್ಯಾಸವಾಗಿದೆ. ೨೦೨೨ರ ತಿದ್ದುಪಡಿ ಐದನೇ ಪಟ್ಟಿಯನ್ನು ತೆಗೆದುಹಾಕಿತು. ಆದರೆ ಎರಡನೇ ಶೆಡ್ಯೂಲಿನ ಯಾವ ಪ್ರಾಣಿಯನ್ನಾದರೂ ಪೀಡೆ ಎಂದು ಸಾರುವ ಅಧಿಕಾರವನ್ನು ಕೇಂದ್ರ ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಅಸ್ಪೃಶ್ಯತೆ ಸಂವಿಧಾನದಲ್ಲಿ ರದ್ದಾಗಿ ಊರಿನಲ್ಲಿ ಉಳಿದ ಹಾಗೆ. ಇನ್ನು ಕಾಡಿನಲ್ಲಿ ತಲೆತಲಾಂತರದಿಂದ ಇರುವ ಮನುಷ್ಯ ಈ ಕೃತಿಯಲ್ಲಿ ಎಲ್ಲಿ ಬರುತ್ತಾನೆ? ವಿಚಾರಣೆ ನಡೆಸಿ ಇತ್ಯರ್ಥ ಮಾಡಬೇಕಾದ ಒಂದು ತೊಡಕಾಗಿ ಬರುತ್ತಾನೆ. ಕಾಡಿನ ಬಗ್ಗೆ ತಿಳಿದವನಾಗಿ ಅವನು ಎಲ್ಲೂ ಬರುವುದಿಲ್ಲ.

೨

ಸಂವಿಧಾನದಲ್ಲೂ ಒಂದು ಐದನೇ ಶೆಡ್ಯೂಲು ಇದೆ. ಅದು ಆದಿವಾಸಿಗಳ ನೆಲಕ್ಕೆ ಕಾವಲು ಕೊಡುವಂಥದ್ದು. ದೇಶದ ಹತ್ತು ರಾಜ್ಯಗಳಲ್ಲಿ ಅಂಥ ಪ್ರದೇಶಗಳಿವೆ. ಕರ್ನಾಟಕದಲ್ಲಿ ಒಂದು ಗೇಣು ನೆಲವೂ ಆ ಪಟ್ಟಿಗೆ ಸೇರಿಲ್ಲ. ಜೇನುಕುರುಬರು, ಸೋಲಿಗರು, ಕೊರಗರು, ಯರವರು ಇರುವ ನಾಡು ಇದು. ಪೀಡೆಯ ಐದನೇ ಪಟ್ಟಿ ಐವತ್ತು ವರ್ಷ ಇತ್ತು; ಕಾವಲಿನ ಐದನೇ ಪಟ್ಟಿ ನಮ್ಮವರೆಗೆ ಬರಲೇ ಇಲ್ಲ.

ನಾಗರಹೊಳೆಯ ಕಥೆ ತೆಗೆದುಕೊಳ್ಳಿ. ಕಾಕನಕೋಟೆಯ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಕೊನೆಯದು ನಡೆದದ್ದು ೧೯೭೧ರಲ್ಲಿ. ಮಹಾರಾಜರೂ ದೊರೆಗಳೂ ಕೂತು ನೋಡಿದರು. ಆನೆಯ ಜೊತೆ ಮಾತಾಡಿ ಪಳಗಿಸಿದವರು ಜೇನುಕುರುಬರು. ಮರುವರ್ಷ ಕಾಯ್ದೆ ಬಂತು, ಅರಸರ ಬೇಟೆ ನಿಂತಿತು, ಒಳ್ಳೆಯದೇ ಆಯಿತು. ಆದರೆ ಬೇಟೆಯಾಡಿದವರ ಅರಮನೆ ಉಳಿಯಿತು, ಆನೆ ಪಳಗಿಸಿದವರ ಹಾಡಿ ಹೋಯಿತು. ಹಾಡಿಯಿಂದ ಹೊರಬಿದ್ದವರು ಕೊಡಗಿನ ಕಾಫಿ ತೋಟಗಳ ಲೈನುಮನೆ ಸೇರಿದರು. ಹೈಕೋರ್ಟಿನ ಸೂಚನೆಯಂತೆ ಪ್ರೊ. ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ ಲೆಕ್ಕ ಹಾಕಿ, ಪುನರ್ವಸತಿ ಸಿಗಬೇಕಾದ ೩,೪೧೮ ಕುಟುಂಬಗಳಿವೆ ಎಂದು ೨೦೧೪ರಲ್ಲಿ ವರದಿ ಕೊಟ್ಟಿತು. ಆಮೇಲೆ ಬಂದ ಯಾವ ಸರ್ಕಾರವೂ ಆ ವರದಿಯನ್ನು ಪೂರ್ತಿ ಜಾರಿ ಮಾಡಲಿಲ್ಲ.

ಇದೇ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, ೧೯೯೦ರ ದಶಕದಲ್ಲಿ ಸರ್ಕಾರವೇ ತಾಜ್ ಗುಂಪಿನ ಹೋಟೆಲಿಗೆ ಜಾಗವನ್ನು ಗುತ್ತಿಗೆಗೆ ಕೊಟ್ಟಿತ್ತು. ಸೌದೆ ಆರಿಸಿದ ಹೆಂಗಸು ಅತಿಕ್ರಮಣದವಳು, ಬಾರು ಕಟ್ಟುವ ಕಂಪನಿ ಪರಿಸರಸ್ನೇಹಿ! ಹಾಡಿಯ ಜನ ಸುಮ್ಮನಿರಲಿಲ್ಲ. ಸಂಘಟನೆ ಕಟ್ಟಿದರು, ರಸ್ತೆಯಲ್ಲಿ ಕೂತರು, ಕೋರ್ಟಿಗೆ ಹೋದರು. ೧೯೯೭ರಲ್ಲಿ ಹೈಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. ಗೆಳೆಯರೇ, ಇದನ್ನು ನಾವು ಮರೆಯಬಾರದು. ನಾಗರಹೊಳೆಯ ನಡುಗಾಡನ್ನು ಹೋಟೆಲಿನಿಂದ ಉಳಿಸಿದವರು ಕಾಡಿನ ಜನ. ವನ್ಯಜೀವಿ ಚಳವಳಿಯ ಚರಿತ್ರೆ ಬರೆಯುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗುತ್ತಾರೆ.

೨೦೦೬ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆದರೂ ೨೦೨೪ರ ಜೂನಿನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ಹುಲಿ ಕಾಡುಗಳ ೫೯೧ ಹಳ್ಳಿಗಳ ೬೪,೮೦೧ ಕುಟುಂಬಗಳನ್ನು ಬೇಗ ಎಬ್ಬಿಸಲು ಹೇಳಿತು. ೨೦೨೫ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ೫೨ ಜೇನುಕುರುಬ ಕುಟುಂಬಗಳು ಹಕ್ಕುಪತ್ರಕ್ಕೆ ಕಾದು ಸಾಕಾಗಿ ತಮ್ಮ ಹಿರಿಯರ ಜಾಗಕ್ಕೆ ತಾವೇ ನಡೆದು ಹೋದರು. ಗುಡಿಸಲಿಗೆ ಗಳ ನೆಡುವ ಹೊತ್ತಿಗೆ ಇಲಾಖೆ, ಪೊಲೀಸು ಎರಡೂ ಎದುರು ನಿಂತವು.

೩

ಹಾಗಾದರೆ ಮೊದಲನೇ ಶೆಡ್ಯೂಲಿನ ಪ್ರಾಣಿಯಾದರೂ ನೆಮ್ಮದಿಯಾಗಿದೆಯೇ? ಅದೂ ಇಲ್ಲ. ಶರಾವತಿ ಕಣಿವೆಯ ಸಿಂಗಳೀಕ ಮೊದಲನೇ ಶೆಡ್ಯೂಲಿನದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಕಾಡಿನಲ್ಲಿ ಇಲ್ಲದ ಪ್ರಾಣಿ. ಅದರ ಹೆಸರಿನಲ್ಲೇ ಅಭಯಾರಣ್ಯ ಮಾಡಿದ ಸರ್ಕಾರ, ಅದೇ ಅಭಯಾರಣ್ಯದೊಳಗೆ ೨,೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿಕೊಂಡಿತು. ಸಾವಿರಾರು ಮರ ಕಡಿಯಬೇಕು, ಬೆಟ್ಟದೊಳಗೆ ಸುರಂಗ ಕೊರೆಯಬೇಕು. ಜೇನುಕುರುಬ ಗುಡಿಸಲು ಹಾಕಿದರೆ ಹುಲಿಗೆ ತೊಂದರೆ. ಸರ್ಕಾರ ಸುರಂಗ ಕೊರೆದರೆ ಸಿಂಗಳೀಕಕ್ಕೆ ತೊಂದರೆ ಇಲ್ಲ. ಈ ನ್ಯಾಯ ಯಾವ ಶೆಡ್ಯೂಲಿನಲ್ಲಿದೆ ಸ್ವಾಮಿ? ಪ್ರಾಣಿಯ ಹೆಸರು ಹೇಳಿ ಬಡವನನ್ನು ಎಬ್ಬಿಸುವುದು, ಅಭಿವೃದ್ಧಿಯ ಹೆಸರು ಹೇಳಿ ಪ್ರಾಣಿಯನ್ನು ಎಬ್ಬಿಸುವುದು, ಎರಡನ್ನೂ ಮಾಡುವ ಕೈ ಒಂದೇ.

೪

ಈಗ ಮತ್ತೆ ಹೂಗ್ಯಂ ಕಾಡಿಗೆ ಬರೋಣ. ಅಲ್ಲಿ ಹುಲಿಯ ಜೊತೆ ಇನ್ನೊಂದು ಪ್ರಾಣಿ ಸತ್ತಿತ್ತು, ಹಸು. ಹಸುವಿಗೂ ನಮ್ಮಲ್ಲಿ ಕಾಯ್ದೆ ಇದೆ. ೧೯೬೪ರ ಕಾಯ್ದೆ ಹನ್ನೆರಡು ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗಳನ್ನು ಪರವಾನಗಿ ಪಡೆದು ಕಡಿಯಲು ಬಿಟ್ಟಿತ್ತು. ಆ ಕಾಯ್ದೆ ಬರೆದವರಿಗೆ ಬೇಸಾಯಗಾರನ ಮನೆಯ ಲೆಕ್ಕ ಸ್ವಲ್ಪ ಗೊತ್ತಿತ್ತು. ಮುದಿ ಎತ್ತು ಮಾರಿದ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಎಳೆ ಹೋರಿ ಬರುತ್ತದೆ. ೨೦೨೦ರ ಕಾಯ್ದೆ ಈ ಲೆಕ್ಕವನ್ನು ಹರಿದು ಹಾಕಿತು. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಯಾವ ದನವನ್ನೂ ಕಡಿಯುವಂತಿಲ್ಲ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ಕಾಯ್ದೆಯನ್ನು ವಿರೋಧಿಸಿ ಭಾಷಣ ಮಾಡಿದ ಪಕ್ಷ ೨೦೨೩ರ ಮೇ ತಿಂಗಳಲ್ಲಿ ಗದ್ದುಗೆ ಏರಿತು. ಗದ್ದುಗೆ ಏರಿದ ಮೇಲೆ ಅದರ ಬಾಯಿ ಕಟ್ಟಿತು.

ಕಾಡಂಚಿನ ದನಗಾಹಿಯ ಜಾಗದಲ್ಲಿ ನಿಂತು ನೋಡಿ. ಊರ ಹೆಸರುಗಳೇ ದೊಡ್ಡಿ ಎಂದು ಮುಗಿಯುವ ಸೀಮೆ ಅದು, ದನವೇ ಬದುಕು. ಗೊಡ್ಡಾದ ಹಸುವನ್ನು ಮಾರುವಂತಿಲ್ಲ, ಹಸುವಿನ ಕಾಯ್ದೆ ಹಿಡಿಯುತ್ತದೆ. ಮೇಯಿಸಲು ಕಾಡಿಗೆ ಬಿಡುವಂತಿಲ್ಲ, ಹುಲಿಯ ಕಾಯ್ದೆ ಹಿಡಿಯುತ್ತದೆ. ಊರಿನ ಗೋಮಾಳ ಯಾವತ್ತೋ ಬಲಾಢ್ಯರ ಪಾಲಾಗಿದೆ. ಹುಲಿ ಹಸುವನ್ನು ಹೊಡೆದರೆ ಪರಿಹಾರಕ್ಕೆ ಫೋಟೋ, ಅರ್ಜಿ, ಡಾಕ್ಟರ ಸರ್ಟಿಫಿಕೇಟು ಹಿಡಿದು ಅಲೆಯಬೇಕು. ಎರಡು ಕಾಯ್ದೆಗಳೂ ಪ್ರಾಣಿದಯೆಯ ಹೆಸರಿನವು. ಎರಡರ ನಡುವೆ ಎರಡೂ ಪ್ರಾಣಿಗಳ ಜೊತೆ ಬದುಕುವವನು ಮಾತ್ರ ಎರಡು ಸಲ ಅಪರಾಧಿ. ದಯೆ ಮೇಲಿನವರದು, ಅದರ ಬಾಕಿ ತೀರಿಸುವವರು ಕೆಳಗಿನವರು. ಇದೇ ಈ ಐವತ್ತು ವರ್ಷಗಳ ಸಂರಕ್ಷಣಾ ರಾಜಕೀಯದ ಒಳಮರ್ಮ.

ಆ ಕಾಡನ್ನು ಕಾಯುತ್ತಿದ್ದವರು ಯಾರು? ಹೊರಗುತ್ತಿಗೆಯ ವಾಚರುಗಳು. ಅವರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿರಲಿಲ್ಲ ಎಂಬುದು ಹುಲಿಗಳು ಸತ್ತ ಮೇಲೆ ಬಯಲಾಯಿತು. ಹೊಟ್ಟೆಗಿಲ್ಲದ ಕಾವಲುಗಾರ, ಹಸು ಕಳೆದುಕೊಂಡ ದನಗಾಹಿ, ಬಲಿಯಾದ ಹುಲಿ. ಮೂವರನ್ನೂ ಸೋಲಿಸಿದ್ದು ಒಂದೇ ಕಚೇರಿ. ಸರ್ಕಾರ ಇದರಿಂದ ಕಲಿತ ಪಾಠವೇನು? ಮರುತಿಂಗಳು ಅರಣ್ಯ ಮಂತ್ರಿಗಳು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಲು ಸೂಚನೆ ಕೊಟ್ಟರು. ಅದೇ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲಿಲ್ಲವೆಂದು ರೊಚ್ಚಿಗೆದ್ದ ರೈತರು ಅರಣ್ಯ ಸಿಬ್ಬಂದಿಯನ್ನೇ ಹುಲಿಯ ಬೋನಿಗೆ ಕೂಡಿ ಬೀಗ ಹಾಕಿದರು. ಇದನ್ನು ಓದಿ ನಕ್ಕವರಿದ್ದಾರೆ. ನಮಗೆ ನಗು ಬರಲಿಲ್ಲ. ಬೋನಿನೊಳಗೆ ನಿಂತವರು ಖಾಕಿ ಹಾಕಿದ ಕೂಲಿಯವರ ಮಕ್ಕಳು, ಬೀಗ ಹಾಕಿದವರು ಕೂಡ ಬೆಳೆ ಕಳೆದುಕೊಂಡವರು. ಬೋನು ಮಾಡಿಸಿದವರು ಬೆಂಗಳೂರಿನಲ್ಲಿದ್ದರು.

೫

ಪ್ರಾಣಿದಯೆಯ ಚಳವಳಿಗಾರರ ಕಣ್ಣಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಕರಾವಳಿಯ ಕಂಬಳದ ಜಗಳ ನೆನಪಿದೆಯಲ್ಲ? ಕೋಣಕ್ಕೆ ಬಾರುಕೋಲಿನಿಂದ ಹೊಡೆಯುವುದು ಹಿಂಸೆ ಎಂದು ಕೋರ್ಟಿಗೆ ಹೋದರು. ಅದು ನ್ಯಾಯವಾದ ಪ್ರಶ್ನೆಯೇ. ೨೦೧೭ರಲ್ಲಿ ನಮ್ಮ ವಿಧಾನಸಭೆ ಪಕ್ಷಭೇದ ಮರೆತು ಕಂಬಳಕ್ಕಾಗಿ ಕಾಯ್ದೆಯನ್ನು ತಿದ್ದಿತು. ೨೦೨೩ರಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೊಡೆತದ ಪರವಾಗಿ ಸಂಸ್ಕೃತಿ, ವಿರುದ್ಧವಾಗಿ ಕರುಣೆ, ಎರಡೂ ಕಡೆ ದೊಡ್ಡ ವಕೀಲರು. ಆದರೆ ಆ ಗದ್ದೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿದವರು ಇನ್ನೊಬ್ಬರಿದ್ದರು. ಕೋಣದ ಕಾಲಿಗೆ ಮುಳ್ಳು, ಗಾಜು ಚುಚ್ಚಬಾರದೆಂದು ಕೊರಗರನ್ನು ಮೊದಲು ಓಡಿಸುತ್ತಿದ್ದರು. ಇಂಥ ಅಜಲು ಪದ್ಧತಿಯನ್ನು ನಿಲ್ಲಿಸಲು ೨೦೦೦ದ ಇಸವಿಯವರೆಗೆ ಕಾಯಬೇಕಾಯಿತು. ಕೋಣದ ಬೆನ್ನಿನ ಬಾಸುಂಡೆ ಕಂಡವರಿಗೆ ಕೊರಗನ ಅಂಗಾಲಿನ ಗಾಯ ಯಾಕೆ ಕಾಣಲಿಲ್ಲ? ಎರಡನ್ನೂ ಒಟ್ಟಿಗೆ ಕಾಣುವ ಕಣ್ಣು ಬರುವವರೆಗೆ ಈ ದಯೆಯನ್ನು ನಾವು ನಂಬುವುದು ಕಷ್ಟ.

ಇಷ್ಟು ಹೇಳಿ ನಾವು ಕೈ ತೊಳೆದುಕೊಂಡರೆ ಅದು ಮೋಸ. ನಮ್ಮ ಚಳವಳಿಯೂ ಸೋತಿದೆ. ೨೦೧೬ರಲ್ಲಿ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ದಲಿತ ಯುವಕರನ್ನು ಕಟ್ಟಿ ಹೊಡೆದಾಗ ನಾವು ಉಡುಪಿಗೆ ನಡೆದೆವು. ಆಹಾರ ಕೇಳಿದೆವು, ಭೂಮಿ ಕೇಳಿದೆವು. ಕಾಡು ಕೇಳಲಿಲ್ಲ, ಕಾಡಿನವರನ್ನು ಜೊತೆಗೆ ಕರೆಯಲಿಲ್ಲ. ಹುಲಿ, ಆನೆ, ಹದ್ದು ಎಂದರೆ ಕ್ಯಾಮೆರಾ ಹಿಡಿದ ಶ್ರೀಮಂತರ ಶೋಕಿ ಎಂದು ಗೇಲಿ ಮಾಡಿ ಸುಮ್ಮನಾದೆವು. ಹೂಗ್ಯಂನಲ್ಲಿ ವಿಷ ಇಟ್ಟಾಗ ದನಗಾಹಿಯ ಕಷ್ಟ ಹೇಳಿದೆವು, ವಿಷ ಇಟ್ಟದ್ದು ತಪ್ಪು ಎನ್ನಲು ನಾಲಿಗೆ ತಡವರಿಸಿತು. ತಾಯಿಹುಲಿಯನ್ನೂ ಅದರ ಮರಿಗಳನ್ನೂ ವಿಷವಿಟ್ಟು ಕೊಂದರೆ ನಮ್ಮ ಕೇರಿಗೆ ಬಿಡುಗಡೆ ಸಿಗುವುದಿಲ್ಲ. ತನಗಿಂತ ಕೈಲಾಗದವರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಮೇಲ್ಜಾತಿಯವರಿಂದ ನಾವು ಕಲಿತ ಕೆಟ್ಟ ವಿದ್ಯೆ.

ಟೀ ಅಂಗಡಿಯ ಹಿರಿಯರು ಹೇಳಿದ ರಣಹದ್ದಿನ ಮಾತಿಗೆ ಬರೋಣ. ನಮ್ಮಜ್ಜಂದಿರು ಊರಿನ ಸತ್ತ ದನ ಹೊತ್ತರು, ಚರ್ಮ ಸುಲಿದರು, ಬಾಡು ತಂದರು. ಮಿಕ್ಕದ್ದು ಹದ್ದಿನ ಪಾಲು. ಊರನ್ನು ರೋಗದಿಂದ ಕಾಪಾಡಿದ ಇಬ್ಬರನ್ನೂ ಊರು ಹೇಸಿಕೊಂಡಿತು. ನಾವು ಹೋರಾಡಿ ಆ ಹೊರೆ ಇಳಿಸಿದೆವು. ಹದ್ದು ಹೋರಾಡಲಾರದೆ ಸತ್ತಿತು. ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫಿನಾಕ್ ಔಷಧ ಆ ದನದ ಹೆಣ ತಿಂದ ಹದ್ದುಗಳ ಮೂತ್ರಪಿಂಡ ಕೆಡಿಸಿತು. ೨೦೦೬ರಲ್ಲಿ ದನದ ಚಿಕಿತ್ಸೆಗೆ ಅದನ್ನು ನಿಷೇಧಿಸುವ ಹೊತ್ತಿಗೆ ಆಕಾಶ ಖಾಲಿಯಾಗಿತ್ತು. ನಮ್ಮ ಜೊತೆ ಒಂದೇ ಕೆಲಸ ಹಂಚಿಕೊಂಡ ಜೀವ ಕಣ್ಮರೆಯಾಗುತ್ತಿದ್ದಾಗ ನಮ್ಮ ಒಂದು ಕವಿತೆಯಾದರೂ ಅತ್ತಿತೇ? ಕವಿಗಳಾದ ನಾವು ಈ ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳುತ್ತೇವೆ.

೬

ದಾರಿ ಇಲ್ಲವೇ? ಇದೆ. ಐದು ಹುಲಿ ಸತ್ತ ಆ ಬೆಟ್ಟದ ದೇವರೇ ಹುಲಿವಾಹನ ಮಾದಪ್ಪ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಅವನ ಕಾವ್ಯದಲ್ಲಿ ಹುಲಿಯೂ ಇದೆ, ಸೋಲಿಗರ ಸಂಕಮ್ಮನೂ ಇದ್ದಾಳೆ, ಆಲಂಬಾಡಿಯ ದನಕರುಗಳ ಒಡೆಯ ಜುಂಜೇಗೌಡನೂ ಇದ್ದಾನೆ. ಎಲ್ಲರ ನಡುವೆ ಜಗಳವಿದೆ, ಆದರೆ ಯಾರನ್ನೂ ಬೆಟ್ಟದಿಂದ ಎಬ್ಬಿಸಿ ಕಳಿಸುವುದಿಲ್ಲ. ದೇವರನ್ನು ನಂಬುವವರೂ ನಂಬದವರೂ ಈ ಕಾವ್ಯವನ್ನು ಆ ಕಾಯ್ದೆಯ ಪಕ್ಕದಲ್ಲಿಟ್ಟು ಓದಬೇಕು.

ಇದು ಬರೀ ಕಾವ್ಯದ ಮಾತೂ ಅಲ್ಲ. ಪಕ್ಕದ ಬಿಳಿಗಿರಿರಂಗನ ಬೆಟ್ಟ ೧೯೭೪ರಲ್ಲಿ ಅಭಯಾರಣ್ಯವಾಯಿತು. ಸೋಲಿಗರ ಪೋಡುಗಳನ್ನು ಕಾಡಿನಿಂದ ರಸ್ತೆಬದಿಗೆ ತಂದರು. ಅವರು ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕ


ಿಯನ್ನು ನಿಲ್ಲಿಸಿದರು. ಸಣ್ಣ ಬೆಂಕಿ ನಿಂತಿತು, ಲಂಟಾನ ಕಾಡನ್ನೆಲ್ಲ ಮುಚ್ಚಿತು, ಹುಲ್ಲು ಹೋಯಿತು ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ೨೦೧೧ರಲ್ಲಿ ಅದು ಹುಲಿ ಮೀಸಲು ಕಾಡಾಯಿತು. ಅದೇ ವರ್ಷ ಸೋಲಿಗರ ಇಪ್ಪತ್ತೈದು ಗ್ರಾಮಸಭೆಗಳು ಹೋರಾಡಿ ಸಮುದಾಯ ಅರಣ್ಯ ಹಕ್ಕು ಪಡೆದವು. ಹುಲಿ ಕಾಡಿನೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಹುಲಿಯೂ ಇದೆ, ಸೋಲಿಗರೂ ಇದ್ದಾರೆ, ಆಕಾಶವೇನೂ ಕಳಚಿ ಬೀಳಲಿಲ್ಲ.

ಆದ್ದರಿಂದ ನಾವು ಕೇಳುವುದು ಇಷ್ಟು. ಕಾಡಿನ ಹಕ್ಕನ್ನು ಇತ್ಯರ್ಥ ಮಾಡದೆ ಒಂದು ಗುಡಿಸಲನ್ನೂ ಎಬ್ಬಿಸಬೇಡಿ. ಕಾವಲು ಕಾಯುವವನಿಗೆ ತಿಂಗಳ ಮೊದಲ ದಿನ ಸಂಬಳ ಕೊಡಿ, ಕೆಲಸ ಕಾಯಂ ಮಾಡಿ. ಹುಲಿ ದನ ಹೊಡೆದರೆ ಹೆಣ ಬಿದ್ದ ಜಾಗದಲ್ಲೇ ಪರಿಹಾರ ಕೊಡಿ. ಗೋಮಾಳ ಬಿಡಿಸಿ. ಬೇಸಾಯಗಾರನ ಲೆಕ್ಕ ತಿಳಿಯದ ಹಸುವಿನ ಕಾಯ್ದೆಯನ್ನು ತೆಗೆಯಿರಿ. ಜೇನುಕುರುಬರ, ಸೋಲಿಗರ ನೆಲವನ್ನು ಸಂವಿಧಾನದ ಐದನೇ ಶೆಡ್ಯೂಲಿಗೆ ಸೇರಿಸಿ. ನಮ್ಮ ಸಂಗಾತಿಗಳಿಗೂ ಒಂದು ಮಾತು: ಮುಂದಿನ ಜಾಥಾ ಕಾಡಂಚಿನ ಹಾಡಿಗಳಿಂದ ಹೊರಡಲಿ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಪ್ರತಿ ವರ್ಷ ಅಕ್ಟೋಬರಿನಲ್ಲಿ ವನ್ಯಜೀವಿ ಸಪ್ತಾಹ ಬರುತ್ತದೆ, ಪ್ರಬಂಧ ಸ್ಪರ್ಧೆ ಇಡುತ್ತೀರಿ. ನಾವೂ ಬರೆದಿದ್ದೆವು, 'ಹುಲಿ ನಮ್ಮ ರಾಷ್ಟ್ರಪ್ರಾಣಿ' ಎಂದು ಶುರುಮಾಡಿ ಬಹುಮಾನಕ್ಕೆ ಸ್ಟೀಲ್ ಲೋಟ ತಂದಿದ್ದೆವು. ಈ ಸಲ ವಿಷಯ ಬದಲಾಯಿಸಿ. 'ನಮ್ಮ ಮನೆಯ ದನವನ್ನು ಹುಲಿ ಹಿಡಿದ ದಿನ' ಎಂದು ಬರೆಸಿ. ಮಕ್ಕಳು ಹುಲಿಯ ಮೇಲೂ ದನದ ಮೇಲೂ ಅಪ್ಪನ ಮೇಲೂ ಒಟ್ಟಿಗೆ ಬರೆಯುತ್ತಾರೆ. ಆ ಪ್ರಬಂಧಗಳನ್ನು ಮಂತ್ರಿಗಳಿಗೆ ಕಳಿಸೋಣ. ನಮಗೂ ಒಂದು ಪ್ರತಿ ಇರಲಿ.